ಬ್ರಿಟನ್ನಿನಲ್ಲಿ ನಿಮ್ಮ ಕುದುರೆಗೆ ಒಳ್ಳೆಯ ಶೇರರ್ ಹುಡುಕುವುದು ಹೇಗೆ?

ಮಗಳಿಗೆಂದು ಕೊಂಡ ಕುದುರೆ ಅವಳು ಯೂನಿವರ್ಸಿಟಿಗೆ ಹೋದ ಮೇಲೆ ಸುಮ್ಮನೆ ನಿಂತುಬಿಡುತ್ತದೆ. ಲಿವರಿ ಯಾರ್ಡಿನ (ಕುದುರೆಯನ್ನು ಇರಿಸುವ ಲಾಯದ) ಬಾಡಿಗೆ, ಲಾಳ, ವೆಟ್ (ಪಶುವೈದ್ಯ) ಖರ್ಚು ಮಾತ್ರ ನಿಲ್ಲುವುದಿಲ್ಲ. ಆಗ ಇಲ್ಲಿಯವರು ಹಿಡಿಯುವ ದಾರಿ 'ಶೇರ್'. ಕುದುರೆ ನಿಮ್ಮದಾಗಿಯೇ ಅದೇ ಯಾರ್ಡಿನಲ್ಲಿ ಇರುತ್ತದೆ. ಇನ್ನೊಬ್ಬ ಸವಾರರು, ಅಂದರೆ ಶೇರರ್, ವಾರಕ್ಕೆ ಎರಡೋ ಮೂರೋ ದಿನ ಬಂದು ಸವಾರಿ ಮಾಡಿ, ಲದ್ದಿ ಬಳಿದು, ಖರ್ಚಿನಲ್ಲಿ ಒಂದು ಪಾಲು ಕೊಡುತ್ತಾರೆ. 'ಫುಲ್ ಲೋನ್' ಬೇರೆಯೇ ಲೆಕ್ಕ. ಅದರಲ್ಲಿ ದಿನನಿತ್ಯದ ಹೊಣೆಯೆಲ್ಲ, ಎಷ್ಟೋ ಸಲ ಕುದುರೆಯೂ, ಲೋನ್ ಪಡೆದವರ ಕಡೆಗೆ ಹೋಗುತ್ತದೆ.

ಜಾಹೀರಾತಿಗೆ ಮೊದಲು ಎರಡು ಫೋನ್ ಕರೆ ಮಾಡಿ. ಒಂದು ಯಾರ್ಡ್ ಮ್ಯಾನೇಜರಿಗೆ, ಏಕೆಂದರೆ ಕೆಲವು ಲಿವರಿ ಒಪ್ಪಂದಗಳಲ್ಲಿ ಶೇರರ್‌ಗೆ ಅವಕಾಶವೇ ಇರುವುದಿಲ್ಲ. ಇನ್ನೊಂದು ವಿಮಾ ಕಂಪನಿಗೆ: ಬೇರೆಯವರು ಹತ್ತಿದಾಗಲೂ ಪಾಲಿಸಿ ನಡೆಯುತ್ತದೆಯೇ, ಅವರ ಹೆಸರು ಸೇರಿಸಬೇಕೇ ಎಂದು ಕೇಳಿ, ಉತ್ತರವನ್ನು ಇಮೇಲಿನಲ್ಲೇ ಪಡೆಯಿರಿ.

ಜಾಹೀರಾತಿನಲ್ಲಿ ಎತ್ತರ, ವಯಸ್ಸು, ತಳಿ, ಯಾವ ದಿನಗಳು, ಎಷ್ಟು ಹಣ ಎಂಬುದರ ಜೊತೆಗೆ ಕುದುರೆಯ ದುರ್ಗುಣಗಳನ್ನೂ ಬರೆಯಿರಿ. ಎತ್ತರ 15.2 ಎಂದರೆ ಹದಿನೈದು ಹ್ಯಾಂಡ್ (ಒಂದು ಹ್ಯಾಂಡ್‌ಗೆ ನಾಲ್ಕು ಇಂಚು) ಎರಡು ಇಂಚು, ಅಂದರೆ 62 ಇಂಚು, ಇದು ದಶಮಾಂಶವಲ್ಲ. ಬಯಲು ಕಂಡರೆ ಎಳೆಯುತ್ತದೆ, ಒಂಟಿಯಾಗಿ ಹೊರಟರೆ ಗೇಟಿನಲ್ಲೇ ಹಠ ಹಿಡಿಯುತ್ತದೆ ಎಂಬುದನ್ನು ಮುಚ್ಚಿಟ್ಟರೆ ತಪ್ಪು ಜನರೇ ಬರುತ್ತಾರೆ. ಸವಾರರ ತೂಕದ ಮಿತಿಯನ್ನು ಸಂಕೋಚವಿಲ್ಲದೆ ಹಾಕಿ. ಸವಾರ, ಜೀನು, ಬೂಟು ಎಲ್ಲ ಸೇರಿ ಕುದುರೆಯ ತೂಕದ ಶೇ. 20 ದಾಟಬಾರದು ಎಂಬುದು ಇಲ್ಲಿ ಸಾಮಾನ್ಯವಾಗಿ ಹೇಳುವ ಮೇಲ್ಮಿತಿ, ಶೇ. 15ರ ಆಸುಪಾಸು ಇದ್ದರೆ ಇನ್ನೂ ಒಳ್ಳೆಯದು. 500 ಕಿಲೋ ಕುದುರೆಗೆ ಶೇ. 15 ಎಂದರೆ 75 ಕಿಲೋ. ಅದರಲ್ಲಿ ಜೀನು ಮತ್ತು ಉಳಿದ ಸಾಮಾನಿಗೆ ಹತ್ತು ಕಿಲೋ ಕಳೆದು ನೋಡಿ.

'ಅನುಭವಿ' ಎಂಬ ಮಾತಿಗೆ ಅಳತೆಗೋಲಿಲ್ಲ. ಹತ್ತು ವರ್ಷ ರೈಡಿಂಗ್ ಸ್ಕೂಲಿಗೆ ಹೋದವರು ಬೇರೆಯವರು ಜೀನು ಬಿಗಿದು ನಿಲ್ಲಿಸಿದ ಕುದುರೆಯನ್ನಷ್ಟೇ ಹತ್ತಿರಬಹುದು. ಆದ್ದರಿಂದ ಫೋನಿನಲ್ಲಿ ಎಷ್ಟು ವರ್ಷ ಎಂದು ಕೇಳುವ ಬದಲು, ಕೊನೆಯ ಸಲ ಯಾವಾಗ ಹತ್ತಿದಿರಿ, ರಸ್ತೆಯಲ್ಲಿ ಒಬ್ಬರೇ ಹೋಗಿದ್ದೀರಾ, ಟ್ರ್ಯಾಕ್ಟರ್ ಎದುರಾಗಿ ಕುದುರೆ ತಿರುಗಿಬಿದ್ದರೆ ಏನು ಮಾಡುತ್ತೀರಿ ಎಂದು ಕೇಳಿ. ಅವರಿಗೆ ಕಲಿಸಿದವರ ಜೊತೆಗೂ ಮಾತಾಡಿ.

ನಿಜವಾದ ಪರೀಕ್ಷೆ ಸವಾರಿಗೆ ಮುಂಚೆಯೇ ನಡೆಯುತ್ತದೆ. ಹುಲ್ಲುಗಾವಲಿನಿಂದ ಕುದುರೆಯನ್ನು ಅವರೇ ಹಿಡಿದು ತರಲಿ. ನೀವು ಹತ್ತಿರವಿದ್ದು ಸುಮ್ಮನೆ ನೋಡಿ. ಹಗ್ಗವನ್ನು ಕೈಗೆ ಸುತ್ತಿಕೊಳ್ಳುತ್ತಾರೆಯೇ? ಹಾಗೆ ಸುತ್ತಿದ ಹಗ್ಗ ಕುದುರೆ ಬೆದರಿದರೆ ಬೆರಳು ಮುರಿಯುತ್ತದೆ. ಗೋಡೆಯ ಬಳೆಗೆ ನೇರವಾಗಿ ಕಟ್ಟುತ್ತಾರೆಯೇ, ಜಗ್ಗಿದರೆ ಹರಿಯುವ ದಾರದ ಕುಣಿಕೆಗೆ ಕಟ್ಟುತ್ತಾರೆಯೇ? ಎರಡನೆಯದೇ ಸರಿ. ಗೊರಸು ಎತ್ತಿ ಸ್ವಚ್ಛ ಮಾಡುವಾಗ ಎಲ್ಲಿ ನಿಲ್ಲುತ್ತಾರೆ? ಜೀನು ಬಿಗಿದಾಗ ಕುದುರೆ ಹೊಟ್ಟೆ ಉಬ್ಬಿಸಿಕೊಂಡಿರಬಹುದು. ಬಲ್ಲವರು ಹತ್ತುವ ಮುಂಚೆ ಹೊಟ್ಟೆಪಟ್ಟಿಯನ್ನು ಇನ್ನೊಮ್ಮೆ ಬಿಗಿಯುತ್ತಾರೆ, ಐದು ನಿಮಿಷ ನಡೆಸಿ ಮತ್ತೊಮ್ಮೆ ನೋಡುತ್ತಾರೆ. ಇಷ್ಟರಲ್ಲಿ ತಡವರಿಸಿದವರನ್ನು ಸವಾರಿಗೆ ಬಿಡುವ ಅಗತ್ಯವೇ ಇಲ್ಲ.

ಮೊದಲು ನೀವೋ ಮಗಳೋ ಹತ್ತಿ ತೋರಿಸಿ. ಮಾಲೀಕರೇ ಹತ್ತಲು ಹಿಂಜರಿದರೆ ಬಂದವರಿಗೆ ಅನುಮಾನ ಬರುವುದು ಸಹಜ. ಆಮೇಲೆ ಬೇಲಿಯೊಳಗಿನ ಅಂಕಣದಲ್ಲಿ ಅರ್ಧ ಗಂಟೆ ಅವರು ಹತ್ತಲಿ: ಎರಡೂ ದಿಕ್ಕಿಗೆ ನಡಿಗೆ, ಟ್ರಾಟ್ (ನಿಧಾನದ ಓಟ), ಕೊನೆಗೆ ಕ್ಯಾಂಟರ್ (ಅದಕ್ಕಿಂತ ವೇಗದ ಓಟ). ಹೆಲ್ಮೆಟ್ ಒಮ್ಮೆಯಾದರೂ ಬಿದ್ದು ಪೆಟ್ಟು ತಿಂದಿದ್ದರೆ ನಡೆಯದು. ಲಗಾಮಿಗೆ ಜೋತುಬೀಳುವ ಕೈ, ಮಾತು ಕೇಳದಿದ್ದಾಗ ಏರುವ ಸಿಟ್ಟು, ಇವೆರಡೂ ಬೇಡ. ಸವಾರಿ ಸ್ವಲ್ಪ ಕಚ್ಚಾ ಇದ್ದರೆ ಪಾಠಕ್ಕೆ ಕಳಿಸಿ ತಿದ್ದಬಹುದು. ರಸ್ತೆ ಎರಡನೇ ಭೇಟಿಗೆ ಇರಲಿ, ಜೊತೆಗೆ ಇನ್ನೊಂದು ಶಾಂತ ಕುದುರೆಯೂ ಇರಲಿ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಫುಟ್‌ಪಾತ್ ಎಂದು ಗುರುತಿಸಿದ ಹಾದಿಯಲ್ಲಿ ಸವಾರಿಗೆ ಹಕ್ಕಿಲ್ಲ, ಬ್ರೈಡಲ್‌ವೇ (ಕುದುರೆ ಸವಾರರಿಗೂ ಹಕ್ಕಿರುವ ಹಾದಿ) ಹಿಡಿಯಬೇಕು ಎಂಬುದು ಅವರಿಗೆ ಗೊತ್ತಿದೆಯೇ ನೋಡಿ.

ಕಾನೂನಿನ ವಿಷಯದಲ್ಲಿ ನಮ್ಮವರು ಎಡವುವ ಜಾಗವೊಂದಿದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನ 1971ರ ಅನಿಮಲ್ಸ್ ಆ್ಯಕ್ಟ್ ಪ್ರಕಾರ, ಕೆಲವು ಸಂದರ್ಭಗಳಲ್ಲಿ ನಿಮ್ಮ ತಪ್ಪಿಲ್ಲದಿದ್ದರೂ ಕುದುರೆ ಮಾಡಿದ ಹಾನಿಗೆ ನೀವೇ ಹೊಣೆ. ಕುದುರೆ ಮಗುವಿನದು ಎಂದರೂ ಪಾರಾಗುವುದಿಲ್ಲ. ಮಗುವಿಗೆ 16 ತುಂಬದಿದ್ದರೆ ಮನೆಯ ಯಜಮಾನರೂ ಹೊಣೆಗಾರರೇ. ಹಾಗಾಗಿ ನಿಮ್ಮ ವಿಮೆಯ ಜೊತೆಗೆ ಶೇರರ್ ಬಳಿ ಸ್ವಂತ ವಿಮೆಯೂ ಇರಲೇಬೇಕು. ಬ್ರಿಟಿಷ್ ಹಾರ್ಸ್ ಸೊಸೈಟಿಯ ಗೋಲ್ಡ್ ಸದಸ್ಯತ್ವದಲ್ಲಿ ಮೂರನೆಯವರ ಹಾನಿಗೂ ಸವಾರರ ಸ್ವಂತ ಅಪಘಾತಕ್ಕೂ ರಕ್ಷಣೆ ಸೇರಿರುತ್ತದೆ. ಇನ್ನು, ಖರ್ಚಿನ ಪಾಲು ಪಡೆಯುವುದು ಒಂದು, ವ್ಯಾಪಾರವಾಗಿ ಕುದುರೆ ಬಾಡಿಗೆಗೆ ಕೊಡುವುದು ಇನ್ನೊಂದು. ಎರಡನೆಯದಕ್ಕೆ ಕೌನ್ಸಿಲ್ ಲೈಸೆನ್ಸ್ ಬೇಕು.

ಶೇರ್ ಮುರಿದುಬೀಳುವುದು ಹೆಚ್ಚಾಗಿ ಬರೆದಿಡದ ಮಾತುಗಳಿಂದ. ಶೇರರ್‌ಗೆ ಜ್ವರ ಬಂದ ವಾರ ಹಣ ಕೊಡಬೇಕೇ? ಕುದುರೆ ಕುಂಟಿ ಆರು ವಾರ ಸವಾರಿ ಇಲ್ಲದಿದ್ದರೆ? ಅವರ ಕೈಯಲ್ಲಿ ಲಗಾಮು ಹರಿದರೆ? ಗೆಳತಿಯನ್ನು ಹತ್ತಿಸಬಹುದೇ? ಎಷ್ಟು ಎತ್ತರದವರೆಗೆ ಜಂಪಿಂಗ್? ಎಲ್ಲಕ್ಕೂ ಒಂದೊಂದು ಸಾಲು ಬರೆದು ಇಬ್ಬರೂ ಸಹಿ ಮಾಡಿ, ನಾಲ್ಕು ವಾರದ ಪ್ರಯೋಗ ಅವಧಿ ಇಡಿ. 18ರ ಕೆಳಗಿನವರಾದರೆ ಪೋಷಕರ ಸಹಿ ಬೇಕು. ತಿಂಡಿಯ ಬಗ್ಗೆಯೂ ಬರೆಯಿರಿ. ಗೊರಸಿನ ಉರಿಯೂತ ಬರುವ ಕುದುರೆಗೆ ಪ್ರೀತಿಯಿಂದ ಬಿಟ್ಟ ಒಂದು ಗಂಟೆಯ ವಸಂತದ ಹುಲ್ಲೂ ದುಬಾರಿ.

ಕುದುರೆಯ ಪಾಸ್‌ಪೋರ್ಟ್ (ಅದರ ಗುರುತಿನ ದಾಖಲೆ) ಯಾರ್ಡಿನಲ್ಲೇ ಇರಲಿ. ಕುದುರೆಯನ್ನು ಶೋಗೆ ಸಾಗಿಸುವ ದಿನ ಅದರ ಜೊತೆ ಹೋಗಲಿ. ಪಾಸ್‌ಪೋರ್ಟ್ ಒಡೆತನದ ದಾಖಲೆ ಅಲ್ಲದ ಕಾರಣ ಖರೀದಿ ರಸೀದಿಯನ್ನು ಬೇರೆ ಎತ್ತಿಡಿ. ಲಾಯದ ಬಾಗಿಲಿಗೆ ಒಂದು ಚೀಟಿ ಅಂಟಿಸಿ: ವೆಟ್ ಸಂಖ್ಯೆ, ನಿಮ್ಮ ಸಂಖ್ಯೆ, ನೀವು ಸಿಗದಿದ್ದರೆ ಎಷ್ಟು ಪೌಂಡ್‌ವರೆಗೆ ಚಿಕಿತ್ಸೆಗೆ ಒಪ್ಪಿಗೆ. ಕುದುರೆ ಹೊಟ್ಟೆನೋವಿನಿಂದ ನೆಲ ಕೆರೆದು, ಪಕ್ಕೆ ತಿರುಗಿ ನೋಡಿ, ಉರುಳಾಡತೊಡಗಿದಾಗ ನೀವು ವಿಮಾನದಲ್ಲಿರಬಹುದು, ವೆಟ್‌ಗೆ ಹೂಂ ಎನ್ನಬೇಕಾದವರು ಶೇರರ್.