ತಾರಸಿ ಮೇಲೆ ನಿಂತು ಕಪ್ಪುಕುಳಿ ಹುಡುಕೋದು ಹೇಗೆ

ಮೊದಲೇ ಹೇಳಿಬಿಡುತ್ತೇನೆ, ಕಪ್ಪುಕುಳಿ ಕಾಣಲ್ಲ. ಬೆಳಕೇ ಹೊರಗೆ ಬರದಿದ್ದ ಮೇಲೆ ಕಾಣೋದಾದರೂ ಏನು? ಆದರೆ ಅದು ಇರೋ ಜಾಗಕ್ಕೆ ಬೆರಳು ತೋರಿಸಬಹುದು, ಬೆಂಗಳೂರಿನ ತಾರಸಿ ಮೇಲೆ ನೀರಿನ ಟ್ಯಾಂಕಿನ ಪಕ್ಕ ನಿಂತೇ. ಅದನ್ನ ಹುಡುಕಬೇಡಿ, ಅದರ ಪಕ್ಕದ ಮನೆಯವರನ್ನ, ಅಂದರೆ ಅದರ ಸೆಳೆತಕ್ಕೆ ಸಿಕ್ಕ ನಕ್ಷತ್ರಗಳನ್ನ ಹುಡುಕಿ. ವಿಜ್ಞಾನಿಗಳೂ ಮಾಡಿದ್ದು ಅದನ್ನೇ.

ಬೇಕಾಗಿರೋದು ಒಂದು 10×50 ಬೈನಾಕ್ಯುಲರ್, ಫೋನಿನಲ್ಲಿ ಆಕಾಶದ ನಕ್ಷೆ ತೋರಿಸೋ ಸ್ಟೆಲೇರಿಯಂ ಆ್ಯಪ್, ಅಮಾವಾಸ್ಯೆಯ ಆಸುಪಾಸಿನ ರಾತ್ರಿ. ಟೆಲಿಸ್ಕೋಪಿಗೆ ಅವಸರ ಬೇಡ. ನಾನು ಆನ್‌ಲೈನ್‌ನಲ್ಲಿ ಅಗ್ಗದ್ದೊಂದು ತರಿಸಿ ಕೆಟ್ಟೆ. ಉಸಿರು ಬಿಟ್ಟರೂ ಸ್ಟ್ಯಾಂಡ್ ಅಲ್ಲಾಡುತ್ತಿತ್ತು, ಈಗ ಅದರ ಮೇಲೆ ಒದ್ದೆ ಟವೆಲ್ ಒಣಗುತ್ತಿದೆ.

ಫೆಬ್ರವರಿಯಲ್ಲಿ ಶುರು ಮಾಡಿ, ಮೊದಲು ಕಪ್ಪುಕುಳಿಯಷ್ಟು ಕುಸಿಯದ ಸತ್ತ ನಕ್ಷತ್ರಗಳಿಂದ. ರಾತ್ರಿ 9ಕ್ಕೆ ದಕ್ಷಿಣಕ್ಕೆ ತಿರುಗಿ. ಸಾಲಾಗಿ ಮೂರು ನಕ್ಷತ್ರ ಕಾಣುತ್ತವಲ್ಲ, ಮಹಾವ್ಯಾಧನ (ಓರಿಯನ್) ನಡುಪಟ್ಟಿ, ಆ ಸಾಲನ್ನ ಎಡಕ್ಕೆ ಕೆಳಗೆ ಎಳೆದುಕೊಂಡು ಹೋದರೆ ಲುಬ್ಧಕ ಸಿಗುತ್ತದೆ. ಇಡೀ ಆಕಾಶದಲ್ಲಿ ಅದಕ್ಕಿಂತ ಹೊಳೆಯೋ ನಕ್ಷತ್ರ ಇಲ್ಲ, ತಪ್ಪೋಕೆ ಸಾಧ್ಯವಿಲ್ಲ. ಇದು ಓಲಾಡುತ್ತಾ ಸಾಗೋದನ್ನ ನೋಡಿ, ಪಕ್ಕದಲ್ಲಿ ಯಾರೋ ಇದ್ದಾರೆ ಅಂತ ಜರ್ಮನಿಯ ಖಗೋಳಜ್ಞ ಬೆಸೆಲ್ 1844ರಲ್ಲೇ ಹೇಳಿದ್ದ. 1862ರಲ್ಲಿ ಅದು ಕಣ್ಣಿಗೂ ಬಿತ್ತು. ಅದೊಂದು ಶ್ವೇತ ಕುಬ್ಜ, ಅಂದರೆ ಉರಿದು ಮುಗಿದ ನಕ್ಷತ್ರದ ಕುಗ್ಗಿದ ಉಳಿಕೆ. ತೂಕ ಹೆಚ್ಚುಕಡಿಮೆ ನಮ್ಮ ಸೂರ್ಯನಷ್ಟು, ಗಾತ್ರ ಭೂಮಿಯಷ್ಟೇ. ಲುಬ್ಧಕನ ಬೆಳಕಿನಲ್ಲಿ ನಮ್ಮ ಬೈನಾಕ್ಯುಲರ್‌ಗೆ ಸಿಗಲ್ಲ, ಆದರೆ ಇದೆ.

ಅದೇ ರಾತ್ರಿ ನೆತ್ತಿ ಮೇಲೆ ನೋಡಿ. ಕೆಂಪಗಿರೋದು ರೋಹಿಣಿ, ಅಂದರೆ ವೃಷಭ ರಾಶಿಯ ಗೂಳಿಯ ಕಣ್ಣು. ಅಲ್ಲಿಂದ ಪೂರ್ವಕ್ಕೆ ಎರಡು ಕೊಂಬು. ದಕ್ಷಿಣದ ಕೊಂಬಿನ ತುದಿಯಲ್ಲಿರೋ ಮಂಕು ನಕ್ಷತ್ರವೇ ಜೀಟಾ ಟಾರಿ. ಕೈ ಪೂರ್ತಿ ಚಾಚಿ ಕಿರುಬೆರಳು ಹಿಡಿದರೆ ಎಷ್ಟು ಅಗಲವೋ ಅಷ್ಟೇ ದೂರದಲ್ಲಿ ಏಡಿ ನೀಹಾರಿಕೆ. 1054ರಲ್ಲಿ ಅಲ್ಲಿ ಒಂದು ನಕ್ಷತ್ರ ಸಿಡಿದದ್ದನ್ನ ಚೀನಾದವರು ಬರೆದಿಟ್ಟಿದ್ದಾರೆ. ನಡುವೆ ಉಳಿದದ್ದು ನ್ಯೂಟ್ರಾನ್ ತಾರೆ, ಅಂದರೆ ಆ ನಕ್ಷತ್ರದ ಕುಸಿದ ತಿರುಳು, ಅಡ್ಡಳತೆ ಸುಮಾರು 20 ಕಿಲೋಮೀಟರ್. ನಮ್ಮ ಔಟರ್ ರಿಂಗ್ ರೋಡಿನ ಒಳಗೆ ಇಟ್ಟರೆ ಅಂಚು ಸ್ವಲ್ಪ ಹೊರಗೆ ಚಾಚಬಹುದು, ಅಷ್ಟೇ. ಆ ರಸ್ತೆಯಲ್ಲಿ ಒಂದು ಸುತ್ತು ಬರೋಕೆ ನಮಗೆ ಅರ್ಧ ದಿನ ಬೇಕು, ಅದು ಸೆಕೆಂಡಿಗೆ 30 ಸುತ್ತು ತಿರುಗುತ್ತದೆ. ಅದರ ಒಂದು ಚಮಚ ನೂರು ಕೋಟಿ ಟನ್ನಿಗೂ ಜಾಸ್ತಿ ತೂಗುತ್ತದೆ.

ಇದಕ್ಕೂ ಸದಾಶಿವನಗರಕ್ಕೂ ನಂಟಿದೆ ಅಂದರೆ ನಂಬುತ್ತೀರಾ? 2024ರ ಜನವರಿ 1ರಂದು ಇಸ್ರೋ ಹಾರಿಸಿದ ಉಪಗ್ರಹ ಎಕ್ಸ್‌ಪೋಸ್ಯಾಟ್‌ನಲ್ಲಿರೋ ಎಕ್ಸ್-ರೇ ಅಳೆಯೋ ಪೋಲಿಕ್ಸ್ ಉಪಕರಣ ತಯಾರಾದದ್ದು ಅಲ್ಲಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ. ಅದು ಮೊದಮೊದಲು ನೋಡಿದ್ದು ಇದೇ ಏಡಿಯನ್ನ. ಆ ಸಂಸ್ಥೆ ಕಟ್ಟಿದ ರಾಮನ್ ಅವರ ಅಣ್ಣನ ಮಗ ಚಂದ್ರಶೇಖರ್. 1930ರಲ್ಲಿ, 19 ವರ್ಷದ ಹುಡುಗ, ಇಂಗ್ಲೆಂಡಿಗೆ ಹೋಗೋ ಹಡಗಿನಲ್ಲಿ ಕೂತು ಶ್ವೇತ ಕುಬ್ಜದ ತೂಕಕ್ಕೂ ಒಂದು ಮಿತಿ ಇದೆ ಅಂತ ಲೆಕ್ಕ ಹಾಕಿದ್ದು ಇವರೇ. ಈಗ ಗೊತ್ತಿರೋ ಮಿತಿ ಸೂರ್ಯನ ಸುಮಾರು 1.4 ಪಟ್ಟು. ಅದು ದಾಟಿದರೆ ಶ್ವೇತ ಕುಬ್ಜವಾಗಿ ಉಳಿಯೋಕೆ ಆಗಲ್ಲ. ಸತ್ತ ನಕ್ಷತ್ರದ ತಿರುಳು ಇನ್ನೂ ಕುಸಿದು ಏಡಿಯೊಳಗಿನಂಥ ನ್ಯೂಟ್ರಾನ್ ತಾರೆಯಾಗಬಹುದು, ತೀರಾ ಭಾರವಾದರೆ ಕಪ್ಪುಕುಳಿ.

ಇನ್ನು ದೊಡ್ಡ ಕಪ್ಪುಕುಳಿಯ ಸರದಿ. ಏಪ್ರಿಲ್ ಕೊನೆಯಲ್ಲಿ ಬೆಳಗಿನ ಜಾವ ಮೂರೂವರೆಗೆ ಅಲಾರಾಂ ಇಡಿ. ದಕ್ಷಿಣದಲ್ಲಿ, ನೆಲಕ್ಕೂ ನೆತ್ತಿಗೂ ನಡುವೆ, ಚೇಳಿನ ಬಾಲ ಸಿಗುತ್ತದೆ. ಕೊಂಡಿಯ ಜೋಡಿ ನಕ್ಷತ್ರ ಮೂಲಾ ನಕ್ಷತ್ರದ್ದು. ಅದರ ಎಡಕ್ಕೆ ಧನು, ಥೇಟ್ ಹೋಟೆಲಿನ ಟೀ ಕೆಟಲ್. ಕೆಟಲ್ ಮೂತಿಯ ತುದಿಯಿಂದ ಬಲಕ್ಕೆ ಮೂರು ಬೆರಳು ಸರಿದರೆ ನಮ್ಮ ಗ್ಯಾಲಕ್ಸಿಯ ನಡುಮನೆ, ಸುಮಾರು 27,000 ಜ್ಯೋತಿರ್ವರ್ಷ ದೂರ. ಅಲ್ಲಿರೋ ಕಪ್ಪುಕುಳಿ 40 ಲಕ್ಷ ಸೂರ್ಯರಷ್ಟು ಭಾರ. ಗೊತ್ತಾದದ್ದು ಹೇಗೆ? ಮತ್ತೆ ಪಕ್ಕದ ಮನೆಯವರಿಂದಲೇ. ಎಸ್2 ಅನ್ನೋ ನಕ್ಷತ್ರ 16 ವರ್ಷಕ್ಕೊಮ್ಮೆ ಏನೂ ಕಾಣದ ಜಾಗವನ್ನ ಸುತ್ತುತ್ತದೆ. ಅಂಥವನ್ನ ವರ್ಷಗಟ್ಟಲೆ ಹಿಂಬಾಲಿಸಿದ ಗೆಂಜೆಲ್ ಮತ್ತು ಗೆಜ್ ಅವರಿಗೆ 2020ರಲ್ಲಿ ನೊಬೆಲ್ ಬಂತು. ಈ ವಿಷಯದಲ್ಲಿ ನಾವು ಪುಣ್ಯವಂತರು, ಲಂಡನ್ನಿನವರಿಗೆ ಈ ಜಾಗ ದಿಗಂತ ಬಿಟ್ಟು ಸ್ವಲ್ಪವೇ ಮೇಲೇಳುತ್ತದೆ.

ಜೂನ್ ಬಂದರೆ ಮೋಡ. ಬೈನಾಕ್ಯುಲರನ್ನ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಡಬ್ಬಿಗೆ ಹಾಕಿಡಿ, ಇಲ್ಲಾಂದ್ರೆ ಲೆನ್ಸಿಗೆ ಬೂಷ್ಟು ಹಿಡಿಯುತ್ತದೆ.

ನವೆಂಬರ್ ಶುರುವಿಗೆ ಹೊರಗೆ ತೆಗೆಯಿರಿ, ಸಂಜೆ 7ರ ಹೊತ್ತಿಗೆ ವಾಯವ್ಯದಲ್ಲಿ ರಾಜಹಂಸ (ಸಿಗ್ನಸ್) ನಕ್ಷತ್ರಪುಂಜ ಎತ್ತರದಲ್ಲಿರುತ್ತದೆ. ಹಂಸದ ಕತ್ತಿನ ನಡುವೆ ಈಟಾ ಸಿಗ್ನಿ ಅನ್ನೋ ನಕ್ಷತ್ರ. ಅದಕ್ಕೆ ಅಂಟಿದ ಹಾಗೆ, ಅರ್ಧ ಡಿಗ್ರಿ ದೂರದಲ್ಲಿ, ಒಂದು ಮಂಕು ಚುಕ್ಕೆ. ಇದು ಊರೊಳಗೆ ಕಷ್ಟ. ಕನಕಪುರದ ಕಡೆ ನೆಂಟರಿದ್ದರೆ ಅಲ್ಲಿಗೆ ಹೋಗಿ, ಕತ್ತಲಲ್ಲಿ ಸುಮ್ನೆ 20 ನಿಮಿಷ ಕೂತು, ಕಣ್ಣು ಒಗ್ಗಿದ ಮೇಲೆ ನೋಡಿ. ಆ ಚುಕ್ಕೆ ಒಂದು ದೈತ್ಯ ನೀಲಿ ನಕ್ಷತ್ರ, ಸುಮಾರು 21 ಸೂರ್ಯರಷ್ಟು ತೂಕದ ಕಪ್ಪುಕುಳಿ ಸಿಗ್ನಸ್ ಎಕ್ಸ್-1ರ ಜೊತೆ 5.6 ದಿನಕ್ಕೊಂದು ಸುತ್ತು ಹಾಕುತ್ತಿದೆ. ಸಿಗ್ನಸ್ ಎಕ್ಸ್-1 ಕಪ್ಪುಕುಳಿ ಅಲ್ಲ ಅಂತ ವಿಜ್ಞಾನಿ ಸ್ಟೀಫನ್ ಹಾಕಿಂಗ್ ಪಂದ್ಯ ಕಟ್ಟಿ, 1990ರಲ್ಲಿ ಸೋಲೊಪ್ಪಿಕೊಂಡಿದ್ದರು.