ಹಿತ್ತಲಿನ ಗುರಿ ಅಭ್ಯಾಸಕ್ಕೆ ಕಡಿಮೆ ಬೆಲೆಯ ಏರ್ ರೈಫಲ್: ಏನು ನೋಡಿ ಕೊಳ್ಳಬೇಕು

ಅಂಗಡಿಯಲ್ಲಿ ಏರ್ ರೈಫಲ್ ತೋರಿಸುವವರು ಬಾಯಿ ತೆರೆದರೆ ಮೊದಲು ಬರುವುದು ವೇಗದ ಮಾತು. ‘ಸೆಕೆಂಡಿಗೆ 1000 ಅಡಿ ಹೋಗುತ್ತೆ ಸಾರ್.’ 10 ಮೀಟರ್ ದೂರದ ಕಾಗದಕ್ಕೆ ಹೊಡೆಯುವವರಿಗೆ ಆ ಸಂಖ್ಯೆಯಿಂದ ಮೂರು ಕಾಸಿನ ಪ್ರಯೋಜನವಿಲ್ಲ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದ 10 ಮೀಟರ್ ಏರ್ ರೈಫಲ್ ಸ್ಪರ್ಧೆಯ ರೈಫಲ್‌ಗಳಲ್ಲಿ ಪೆಲೆಟ್ (ಪುಟ್ಟ ಲೋಹದ ಗುಂಡು) ಹೊರಡುವುದು ಸೆಕೆಂಡಿಗೆ ಸುಮಾರು 170 ಮೀಟರ್, ಅಂದರೆ 560 ಅಡಿ ವೇಗದಲ್ಲಿ. ಜಗತ್ತಿನ ಅತಿ ನಿಖರವಾದ ಗುರಿಗೆ ಅಷ್ಟು ಸಾಕಾದರೆ ನಮ್ಮ ಹಿತ್ತಲಿಗೆ ಸಾಲದೆ?

ಆ 1000ದ ಲೆಕ್ಕವೂ ಪೂರ್ತಿ ನಿಜವಲ್ಲ. ಗ್ರಾಮಿನ ಮೂರನೇ ಒಂದು ಭಾಗದಷ್ಟೇ ತೂಗುವ ಮಿಶ್ರಲೋಹದ ಪೆಲೆಟ್ ಹಾಕಿ ಅಳೆದ ವೇಗ ಅದು. ಅದೇ ರೈಫಲ್‌ಗೆ ಅರ್ಧ ಗ್ರಾಂ ತೂಕದ ಮಾಮೂಲಿ ಸೀಸದ ಪೆಲೆಟ್ ಹಾಕಿದರೆ 800 ಅಡಿಯ ಆಸುಪಾಸಿಗೆ ಇಳಿಯುತ್ತದೆ. ವೇಗ ಹೆಚ್ಚಿದಷ್ಟೂ ಸ್ಪ್ರಿಂಗ್ ಬಿಗಿ, ಎಳೆಯುವುದು ಕಷ್ಟ, ಕುಲುಕಾಟ ಜಾಸ್ತಿ, ಸದ್ದು ಜಾಸ್ತಿ. ಐವತ್ತು ಈಡು ಹೊಡೆಯುವಷ್ಟರಲ್ಲಿ ತೋಳು ಸೋತು ಗುರಿ ಚದುರತೊಡಗುತ್ತದೆ. ಅಭ್ಯಾಸಕ್ಕೆ ಸೆಕೆಂಡಿಗೆ 500ರಿಂದ 700 ಅಡಿ ಧಾರಾಳ. ಉಳಿದ ದುಡ್ಡು ಒಳ್ಳೆಯ ಟ್ರಿಗರ್‌ಗೆ ಮತ್ತು ಪೆಲೆಟ್‌ಗೆ ಹೋಗಲಿ.

ಕಾನೂನು

2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ನಳಿಗೆಯ ವ್ಯಾಸ 4.5 ಮಿ.ಮೀ. (0.177 ಇಂಚು) ಮೀರದ, ಶಕ್ತಿ 20 ಜೂಲ್ ಮೀರದ ಏರ್ ರೈಫಲ್‌ಗೆ ಲೈಸೆನ್ಸ್ ಬೇಡ. ಶಕ್ತಿಯ ಲೆಕ್ಕ ಮನೆಯಲ್ಲೇ ಹಾಕಬಹುದು: ಪೆಲೆಟ್ ತೂಕವನ್ನು ಕಿಲೋಗ್ರಾಮಿನಲ್ಲಿ, ವೇಗವನ್ನು ಸೆಕೆಂಡಿಗೆ ಇಷ್ಟು ಮೀಟರ್ ಎಂದು ಹಿಡಿದು, ತೂಕವನ್ನು ವೇಗದ ವರ್ಗದಿಂದ ಗುಣಿಸಿ ಅರ್ಧ ಮಾಡಿ. ಅರ್ಧ ಗ್ರಾಂ ಪೆಲೆಟ್ 200 ಮೀಟರ್ ವೇಗದಲ್ಲಿ ಹೋದರೆ 10 ಜೂಲ್, 280ರಲ್ಲಿ 19.6, 300ಕ್ಕೆ ಏರಿದರೆ 22.5. ಕಡಿಮೆ ಬೆಲೆಗೆ ಸಿಗುತ್ತದೆಂದು 0.22 ಇಂಚಿನದನ್ನು ಲೈಸೆನ್ಸ್ ಇಲ್ಲದೆ ಯಾರಾದರೂ ಕೊಡಲು ಬಂದರೆ ಮುಟ್ಟಬೇಡಿ. ಬಿಲ್ ಕೇಳಿ ಪಡೆಯಿರಿ, ಅದರ ಒಂದು ಪ್ರತಿ ರೈಫಲ್ ಚೀಲದಲ್ಲೇ ಇರಲಿ.

ನಮ್ಮ ಮಲೆನಾಡಿನ ಕಡೆ ಏರ್‌ಗನ್ ಕೊಳ್ಳುವವರಲ್ಲಿ ಅರ್ಧಕ್ಕರ್ಧ ಜನರ ಮನಸ್ಸಿನಲ್ಲಿರುವುದು ಬಾಳೆಗೊನೆ, ಏಲಕ್ಕಿ ಹಾಳು ಮಾಡುವ ಮಂಗ. ಇದು ನೇರವಾಗಿಯೇ ಹೇಳಬೇಕಾದ ಮಾತು: ಮಂಗ, ನವಿಲು, ಕಾಡುಹಂದಿಗಳಿಗೆ ಹೊಡೆಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ, ಲೈಸೆನ್ಸ್ ಬೇಡದ ಗನ್ ಎಂಬ ಕಾರಣಕ್ಕೆ ಅದರಿಂದ ವಿನಾಯಿತಿಯಿಲ್ಲ. ಶೆಟ್ಟಿಹಳ್ಳಿ, ಸೋಮೇಶ್ವರದಂಥ ಅಭಯಾರಣ್ಯಗಳ ಒಳಗೆ ಅನುಮತಿಯಿಲ್ಲದೆ ಆಯುಧ ಒಯ್ಯುವುದನ್ನೂ ಅದೇ ಕಾಯ್ದೆ ತಡೆಯುತ್ತದೆ. ಕಾಡಂಚಿನ ಮನೆಯವರು ಹಿತ್ತಲು ದಾಟಿ ರೈಫಲ್ ಒಯ್ಯದಿರುವುದೇ ಲೇಸು.

ಗನ್‌ಗಿಂತ ಮೊದಲು ಜಾಗ

ಏರ್ ರೈಫಲ್ ಪೆಲೆಟ್ ಗುರಿ ತಪ್ಪಿದರೆ ನೂರಾರು ಮೀಟರ್ ಹೋಗುತ್ತದೆ. ಅಡಿಕೆ ತೋಟದ ಕಡೆ ಮುಖ ಮಾಡಿ ಹೊಡೆಯುವ ಯೋಚನೆ ಬೇಡ. ಸಾಲಿನ ನಡುವೆ ಸೊಪ್ಪು ಹರಡುತ್ತಿರುವ ಆಳು ಮರಗಳ ಮರೆಯಲ್ಲಿ ಕಾಣುವುದಿಲ್ಲ. ಮಳೆಗಾಲದ ಮಂಜಿನಲ್ಲಂತೂ ಗುರಿಯ ಹಿಂದೆ ಏನಿದೆ ಎಂದೇ ತಿಳಿಯದು. ಅಂಥ ದಿನ ರೈಫಲ್ ಹೊರಗೆ ತೆಗೆಯಬೇಡಿ.

ಮಲೆನಾಡಿನವರಿಗೆ ಒಂದು ಅನುಕೂಲವಿದೆ. ಗುಡ್ಡ ಕಡಿದು ಕಟ್ಟಿದ ಮನೆಗಳ ಹಿಂದೆ ಧರೆ ಇರುತ್ತದೆ. ಎರಡಾಳು ಎತ್ತರದ ಮಣ್ಣಿನ ಧರೆಗಿಂತ ಒಳ್ಳೆಯ ತಡೆಗೋಡೆ ದುಡ್ಡು ಕೊಟ್ಟರೂ ಸಿಗದು. ಆದರೆ ಧರೆಯನ್ನೇ ಗುರಿ ಮಾಡಬಾರದು. ಮಣ್ಣಿನೊಳಗೆ ಜಂಬಿಟ್ಟಿಗೆಯ ಗಟ್ಟಿ ಉಂಡೆಗಳಿರುತ್ತವೆ, ಪೆಲೆಟ್ ಅದಕ್ಕೆ ಬಡಿದರೆ ಯಾವ ಕಡೆ ಸಿಡಿಯುತ್ತದೋ ಹೇಳಲಾಗದು. ಗುರಿ ಕೂರಿಸಲೆಂದು ಧರೆಯ ಬುಡ ಕೊರೆದರೆ ಆಷಾಢದ ಮಳೆಗೆ ಅದು ಜರಿದು ಹಿತ್ತಲಿಗೇ ಬಂದು ಕೂರುತ್ತದೆ. ಧರೆಯಿಂದ ಎರಡು ಅಡಿ ಈಚೆಗೆ ಗುರಿಪೆಟ್ಟಿಗೆ ಇಡಿ. ಪೆಟ್ಟಿಗೆ ತಪ್ಪಿದ್ದನ್ನು ಮಾತ್ರ ಧರೆ ಹಿಡಿಯಲಿ.

ಪೆಟ್ಟಿಗೆ ಹೀಗೆ: 45 ಸೆಂ.ಮೀ. ಅಗಲ, ಅಷ್ಟೇ ಎತ್ತರ, 30 ಸೆಂ.ಮೀ. ಆಳದ ಹಲಗೆ ಪೆಟ್ಟಿಗೆ. ಹಿಂಬದಿಯ ಒಳಗೆ 3 ಮಿ.ಮೀ. ಕಬ್ಬಿಣದ ತಗಡು. ಮುಂದೆ ರಟ್ಟು. ನಡುವೆ ಹಳೆಯ ಹತ್ತಿ ಬಟ್ಟೆ, ಪಂಚೆ, ಹರಿದ ಕಂಬಳಿಗಳನ್ನು ಕಾಲಿನಿಂದ ತುಳಿದು ಬಿಗಿಯಾಗಿ ತುಂಬಿ. ಭತ್ತದ ಹೊಟ್ಟು ಆಗದು, ಪೆಲೆಟ್ ಅದರೊಳಗೆ ಸಲೀಸಾಗಿ ತೂರಿಹೋಗುತ್ತದೆ. ಮರಳಿನ ಚೀಲ ನಡೆಯುತ್ತದೆ, ಆದರೆ ಪ್ರತಿ ಈಡಿಗೂ ಚೀಲ ತೂತಾಗಿ ಮರಳು ಸೋರಿ, ಹೊರಗಿನಿಂದ ತುಂಬಿದಂತೆ ಕಂಡರೂ ಮೇಲುಭಾಗ ಟೊಳ್ಳಾಗಿರುತ್ತದೆ. ಬಟ್ಟೆಯ ಪೆಟ್ಟಿಗೆಗೂ ಒಂದು ದೋಷವಿದೆ. ಒಂದೇ ಜಾಗಕ್ಕೆ ನೂರಾರು ಈಡು ಬಿದ್ದರೆ ಒಳಗೆ ಸೀಸದ ಮುದ್ದೆಯೇ ಕಟ್ಟಿ, ಆಮೇಲಿನ ಪೆಲೆಟ್ ಅದಕ್ಕೆ ಬಡಿದು ವಾಪಸ್ ಪುಟಿಯುತ್ತದೆ. ಗುರಿಚೀಟಿಯನ್ನು ಪೆಟ್ಟಿಗೆಯ ನಾಲ್ಕು ಮೂಲೆಗೂ ಸರಿಸುತ್ತಾ ಬನ್ನಿ, ಆಗಾಗ ಬಟ್ಟೆ ಕೊಡವಿ ಸೀಸ ತೆಗೆಯಿರಿ.

ಅಡಿಕೆ ಒಣಗಿಸುವ ಅಂಗಳದ ಮೇಲಾಗಲಿ, ಬಾವಿಕಟ್ಟೆ, ಕೊಟ್ಟಿಗೆಯ ಹತ್ತಿರವಾಗಲಿ ಈ ವ್ಯವಸ್ಥೆ ಬೇಡ. ಸೀಸ ವಿಷ. ನೆಲಕ್ಕೆ ಬಿದ್ದ ಪೆಲೆಟನ್ನು ಕೋಳಿ ಕಾಳೆಂದು ಹೆಕ್ಕುತ್ತದೆ, ದನ ಹುಲ್ಲಿನ ಜೊತೆ ತಿನ್ನುತ್ತದೆ. ಪೆಲೆಟನ್ನು ತುಟಿಯಲ್ಲಿ ಕಚ್ಚಿಕೊಂಡು ಒಂದೊಂದೇ ತುಂಬುವ ಚಾಳಿ ಕೆಲವರಿಗಿದೆ, ಅದನ್ನು ಇವತ್ತೇ ಬಿಡಿ. ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ.

ಯಾವ ಬಗೆ

ಕಡಿಮೆ ದುಡ್ಡಿಗೆ ಉತ್ತರ ಒಂದೇ: ನಳಿಗೆ ಮಡಚಿ ತುಂಬುವ ಸ್ಪ್ರಿಂಗ್ ರೈಫಲ್, ಅಂಗಡಿಯವರ ಬಾಯಲ್ಲಿ ಬ್ರೇಕ್ ಬ್ಯಾರೆಲ್. ನಳಿಗೆ ಕೆಳಗೆಳೆದರೆ ಪಿಸ್ಟನ್ ಹಿಂದೆ ಸರಿದು ಸ್ಪ್ರಿಂಗ್ ಅದುಮಿಕೊಳ್ಳುತ್ತದೆ, ಟ್ರಿಗರ್ ಎಳೆದಾಗ ಪಿಸ್ಟನ್ ಮುಂದೆ ನುಗ್ಗಿ ಗಾಳಿಯನ್ನು ಒತ್ತಿ ಪೆಲೆಟನ್ನು ನೂಕುತ್ತದೆ. ಸಿಲಿಂಡರ್ ಬೇಡ, ಪಂಪ್ ಬೇಡ. ಪ್ರೆಸಿಹೋಲ್ ಎನ್‌ಎಕ್ಸ್ 100ನಂಥ ದೇಶೀ ರೈಫಲ್ ಕೊಂಡರೆ ಮುಂದೆ ಸ್ಪ್ರಿಂಗ್, ಸೀಲ್ ಬದಲಿಸಲು ಬಿಡಿಭಾಗ ಹುಡುಕುವ ತಾಪತ್ರಯ ಕಡಿಮೆ. ವಿದೇಶಿ ಮಾಲು ನೋಡಲು ಚೆಂದ, ನೂರು ರೂಪಾಯಿಯ ಸೀಲ್‌ಗಾಗಿ ತಿಂಗಳು ಕಾಯಿಸಿದರೂ ಕಾಯಿಸೀತು.

ಪಿಸಿಪಿ ರೈಫಲ್‌ಗಳು, ಅಂದರೆ ಸಿಲಿಂಡರಿನಲ್ಲಿ ಮೊದಲೇ ಒತ್ತಿ ತುಂಬಿಟ್ಟ ಗಾಳಿಯಿಂದ ಹೊಡೆಯುವಂಥವು, ಕುಲುಕುವುದಿಲ್ಲ, ನಿಖರ, ಹೌದು. ಆದರೆ ಅವಕ್ಕೆ 200 ಬಾರ್ ಒತ್ತಡದ ಗಾಳಿ ಬೇಕು. ಪಂಚರ್ ಅಂಗಡಿಯ ಪಂಪಿನಿಂದ ಆಗುವ ಕೆಲಸವಲ್ಲ, ಪ್ರತ್ಯೇಕ ಕೈಪಂಪ್ ಕೊಳ್ಳಬೇಕು. ಅಲ್ಲದೆ ಜುಲೈ ತಿಂಗಳ ತೀರ್ಥಹಳ್ಳಿ, ಹೊಸನಗರದ ಒದ್ದೆ ಗಾಳಿಯನ್ನು ಒತ್ತಿ ತುಂಬಿದರೆ ಅದರ ತೇವವೆಲ್ಲ ಸಿಲಿಂಡರಿನೊಳಗೆ ನೀರಾಗಿ ಇಳಿದು ತುಕ್ಕು ಹಿಡಿಸುತ್ತದೆ. ಕಾರ್ಬನ್ ಡೈಆಕ್ಸೈಡ್ ಕ್ಯಾಪ್ಸೂಲ್ ಹಾಕುವ ಗನ್‌ಗಳು ಚಳಿಗಾಲದ ಬೆಳಗ್ಗೆ ಮಂಕಾಗುತ್ತವೆ, ಜೊತೆಗೆ ಕ್ಯಾಪ್ಸೂಲ್ ಖರ್ಚು ಮುಗಿಯುವುದೇ ಇಲ್ಲ.

ಕೈಗೆತ್ತಿಕೊಂಡು ಪರೀಕ್ಷಿಸುವುದು

ಮೊದಲು ನಳಿಗೆಯ ಕೀಲು. ನಳಿಗೆಯನ್ನು ಸ್ವಲ್ಪ ತೆರೆದು ತುದಿ ಹಿಡಿದು ಎಡಕ್ಕೆ ಬಲಕ್ಕೆ ಅಲ್ಲಾಡಿಸಿ. ಕೂದಲೆಳೆಯಷ್ಟು ಸಡಿಲವಿದ್ದರೂ ಬೇರೆ ತೋರಿಸಲು ಹೇಳಿ. ಪ್ರತಿ ಸಲ ನಳಿಗೆ ಬೇರೆ ಬೇರೆ ಜಾಗಕ್ಕೆ ಕೂತರೆ ಎಂಥ ಗುರಿಕಾರನೂ ಏನೂ ಮಾಡಲಾರ. ಮುಚ್ಚುವಾಗ ‘ಟಕ್’ ಎಂದು ಒಂದೇ ಸದ್ದಿಗೆ ಕೂರಬೇಕು.

ಆಮೇಲೆ ಅಳತೆ. ಹಿಡಿಯ (ಭುಜಕ್ಕೆ ಒತ್ತಿ ಹಿಡಿಯುವ ಭಾಗದ) ಹಿಂತುದಿಯನ್ನು ಮೊಣಕೈ ಮಡಿಕೆಗೆ ಒತ್ತಿದರೆ ತೋರುಬೆರಳಿನ ಮೊದಲ ಗೆಣ್ಣು ಟ್ರಿಗರ್‌ಗೆ ಬರಬೇಕು. ತೂಕ 3 ಕಿಲೋ ಸುತ್ತಮುತ್ತ ಇದ್ದರೆ ಸರಿ. ಹಗುರಾದದ್ದು ಹೆಚ್ಚು ಕುಲುಕುತ್ತದೆ. ಟ್ರಿಗರ್ ಎರಡು ಹಂತದ್ದಿರಲಿ: ಮೊದಲು ಸಡಿಲವಾಗಿ ಸರಿದು, ಒಂದು ಕಡೆ ತಡೆದು ನಿಂತು, ಅಲ್ಲಿಂದ ಥಟ್ಟನೆ ಬಿಡುವಂಥದ್ದು. ಇದನ್ನು ನೋಡಲು ಅಂಗಡಿಯಲ್ಲಿ ಪೆಲೆಟ್ ಇಲ್ಲದೆ ಹೊಡೆಯಬೇಡಿ. ಮುಂದೆ ಪೆಲೆಟ್ ತಡೆದು ನಿಂತಾಗಲೇ ಗಾಳಿ ಮೆತ್ತೆಯಾಗಿ ಪಿಸ್ಟನ್ ನಿಧಾನವಾಗುತ್ತದೆ. ಖಾಲಿ ಹೊಡೆದರೆ ಪಿಸ್ಟನ್ ಸೀದಾ ಲೋಹಕ್ಕೆ ಬಡಿದು ಸೀಲ್ ಹರಿಯುತ್ತದೆ, ಸ್ಪ್ರಿಂಗ್ ಮುರಿಯುತ್ತದೆ. ಗಿರಾಕಿಗಳೆಲ್ಲ ಖಾಲಿ ಹೊಡೆದು ನೋಡಿದ ಪ್ರದರ್ಶನದ ಪೀಸನ್ನು ಬಿಟ್ಟು ಪೆಟ್ಟಿಗೆ ಒಡೆಯದ್ದನ್ನು ಕೇಳಿ.

ಎಳೆದ ನಳಿಗೆಗೆ ಪೆಲೆಟ್ ತುಂಬುವಾಗ ಇನ್ನೊಂದು ಕೈಯಲ್ಲಿ ನಳಿಗೆಯನ್ನು ಗಟ್ಟಿಯಾಗಿ ಹಿಡಿದೇ ಇರಬೇಕು. ಒಳಗಿನ ಕೊಕ್ಕೆ ಜಾರಿದರೆ ನಳಿಗೆ ರಪ್ಪನೆ ಮೇಲಕ್ಕೆ ಬಂದು ಮುಚ್ಚಿಕೊಳ್ಳುತ್ತದೆ, ನಡುವೆ ಸಿಕ್ಕ ಬೆರಳು ಉಳಿಯದು.

ಸೆಕೆಂಡ್ ಹ್ಯಾಂಡ್ ಆದರೆ ಹಿಡಿಯ ಕೊರಳಲ್ಲಿ ಸೀಳು, ನಳಿಗೆ ಮೇಲಕ್ಕೆ ಬಾಗಿರುವುದು ಇವೆರಡನ್ನು ನೋಡಿ. ತೆರೆದ ನಳಿಗೆಯಲ್ಲೇ ಟ್ರಿಗರ್ ಎಳೆದಿದ್ದಾರೆ ಎಂಬುದಕ್ಕೆ ಅವೇ ಸಾಕ್ಷಿ. ಅಟ್ಟದಿಂದ ಇಳಿಸಿದ ಹಳೇ ಕಾಲದ ಏರ್‌ಗನ್‌ಗಳಲ್ಲಿ ಚರ್ಮದ ವಾಷರ್ ಇರುತ್ತದೆ. ಒಣಗಿದ್ದರೆ ಎರಡು ಹನಿ ಎಣ್ಣೆಗೆ ಜೀವ ಬರಬಹುದು, ಬರದಿದ್ದರೆ ಬಿಟ್ಟುಬಿಡಿ.

ರೈಫಲ್ ಮೇಲೆ ಕೂರಿಸುವ ದುರ್ಬೀನು (ಸ್ಕೋಪ್) ಸದ್ಯಕ್ಕೆ ಬೇಡ. ಸ್ಪ್ರಿಂಗ್ ರೈಫಲ್ ಹಿಂದಕ್ಕೂ ಮುಂದಕ್ಕೂ ಎರಡು ಬಾರಿ ಕುಲುಕುವುದರಿಂದ ಅಗ್ಗದ ದುರ್ಬೀನು ಒಳಗೇ ಕಳಚಿಕೊಳ್ಳುತ್ತದೆ. ರೈಫಲ್ ಜೊತೆ ಬರುವ ಕಬ್ಬಿಣದ ಗುರಿಕಣ್ಣು 10 ಮೀಟರಿಗೆ ಸಾಕು. ಮುಂದೆ ಕೊಳ್ಳುವುದಾದರೆ ಏರ್‌ಗನ್‌ಗೆಂದೇ ಮಾಡಿದ, 10 ಮೀಟರಿಗೆ ಫೋಕಸ್ ಹೊಂದಿಸಬಹುದಾದದ್ದನ್ನೇ ಕೊಳ್ಳಿ. ಆದರೆ ಪಾಲಿಕಾರ್ಬೊನೇಟ್ ರಕ್ಷಣಾ ಕನ್ನಡಕವನ್ನು ರೈಫಲ್ ಜೊತೆಗೇ ತನ್ನಿ, ಪಕ್ಕದಲ್ಲಿ ನಿಲ್ಲುವವರಿಗೂ ಒಂದು.

ಪೆಲೆಟ್, ಗುರಿಚೀಟಿ, ಹೊಂದಾಣಿಕೆ

ಕಾಗದಕ್ಕೆ ಚಪ್ಪಟೆ ಮೂತಿಯ ಪೆಲೆಟ್ ಸರಿ, ತೂತು ದುಂಡಗೆ ಸ್ಪಷ್ಟವಾಗಿ ಬೀಳುತ್ತದೆ. ಚೂಪು ಮೂತಿಯದು ಕಾಗದವನ್ನು ಹರಿಯುತ್ತದೆ ಅಷ್ಟೆ. ಉಕ್ಕಿನ ಗುಂಡುಗಳನ್ನು ಹಾಕಲೇಬೇಡಿ, ನಳಿಗೆಯೊಳಗಿನ ಸುರುಳಿ ಗೀರು ಸವೆಯುತ್ತದೆ ಮತ್ತು ಗಟ್ಟಿ ವಸ್ತುವಿಗೆ ಬಡಿದರೆ ನಿಮ್ಮ ಕಡೆಗೇ ಪುಟಿಯುತ್ತದೆ. ಒಂದೇ ಬಗೆಯ ದೊಡ್ಡ ಡಬ್ಬಿ ತರುವ ಬದಲು ಅರ್ಧ ಗ್ರಾಂ ಆಸುಪಾಸಿನ ಮೂರು ಬಗೆಯ ಚಿಕ್ಕ ಡಬ್ಬಿ ತಂದು ಹತ್ತತ್ತು ಹೊಡೆದು ನೋಡಿ. ಯಾವುದು ಒಂದೇ ಕಡೆ ಗುಂಪಾಗಿ ಬೀಳುತ್ತದೋ ಅದನ್ನೇ ಮುಂದುವರಿಸಿ.

ಸ್ಪರ್ಧೆಯ ರೈಫಲ್ ಗುರಿಚೀಟಿಯ ಹತ್ತರ ಚುಕ್ಕೆ ಬರೀ 0.5 ಮಿ.ಮೀ. ಹೊಸಬರಿಗೆ ಅದು ಉತ್ಸಾಹ ಕೊಲ್ಲುವ ವಸ್ತು. 10 ಮೀಟರ್ ಏರ್ ಪಿಸ್ತೂಲಿನ ಚೀಟಿ ತನ್ನಿ, ಅದರ ಹತ್ತರ ವೃತ್ತ 11.5 ಮಿ.ಮೀ. ಇದೆ.

ಮೇಜಿನ ಮುಂದೆ ಕೂತು, ಮಡಚಿದ ಕಂಬಳಿಯ ಮೇಲೆ ಎಡ ಅಂಗೈ, ಅಂಗೈ ಮೇಲೆ ರೈಫಲ್. ನೇರವಾಗಿ ಮೇಜಿಗೆ ಒರಗಿಸಿದರೆ ಪುಟಿದು ಗುರಿ ಮೇಲೆ ಹೋಗುತ್ತದೆ. ಬಿಗಿಯಾಗಿ ಹಿಡಿಯಬೇಡಿ, ಅದರ ಕುಲುಕಾಟ ಅದರ ಪಾಡಿಗೆ ಆಗಲಿ. ಮೊದಲು 5 ಮೀಟರಿನಿಂದ, ಪೆಲೆಟ್ ಚೀಟಿಗೆ ಬೀಳತೊಡಗಿದ ಮೇಲೆ 10ರಿಂದ. ಒಂದೊಂದು ಈಡಿಗೂ ತಿರುಪು ತಿರುಗಿಸಬೇಡಿ. ಐದು ಹೊಡೆದು, ಗುಂಪಿನ ನಡು ಎಲ್ಲಿದೆ ನೋಡಿ, ಹಿಂಬದಿ ಗುರಿಕಣ್ಣನ್ನು ಪೆಲೆಟ್ ಹೋಗಬೇಕಾದ ದಿಕ್ಕಿಗೇ ಸರಿಸಿ. ಎಡಕ್ಕೆ ಬೀಳುತ್ತಿದ್ದರೆ ಕಣ್ಣು ಬಲಕ್ಕೆ.

ಹೊಸ ರೈಫಲ್ ಮೊದಮೊದಲು ಹೊಗೆಯಾಡುತ್ತದೆ, ಕಾರ್ಖಾನೆಯ ಎಣ್ಣೆ ಉರಿಯುವುದು ಅದು. ಐವತ್ತು ನೂರು ಈಡಿನಲ್ಲಿ ನಿಲ್ಲಬೇಕು. ಚೆನ್ನಾಗಿ ಬೀಳುತ್ತಿದ್ದುದು ಒಮ್ಮೆಲೇ ಚದುರಿದರೆ ಪೆಲೆಟನ್ನು ಬೈಯುವ ಮುಂಚೆ ಹಿಡಿಯ ತಿರುಪುಗಳನ್ನು ನೋಡಿ. ಮುಂದಿನ ಎರಡು, ಟ್ರಿಗರ್ ಬಳಿಯದು, ಇವು ಕುಲುಕಾಟಕ್ಕೆ ಸಡಿಲಾಗುತ್ತಲೇ ಇರುತ್ತವೆ. ಬಿಗಿ ಇದ್ದರೂ ಶಕ್ತಿ ಕುಂದಿದ್ದರೆ ನಳಿಗೆ ಕೂರುವ ಸಂದಿಯ ಮೇಲೆ ತೆಳು ಕಾಗದದ ಚೂರಿಟ್ಟು ಪೆಲೆಟ್ ಹಾಕಿ ಹೊಡೆಯಿರಿ. ಕಾಗದ ಹಾರಿದರೆ ಅಲ್ಲಿನ ರಬ್ಬರ್ ಸೀಲ್ ಸೋರುತ್ತಿದೆ.

ಮಳೆಗಾಲ

ನಮ್ಮ ಮನೆಗಳಲ್ಲಿ ಬಾಗಿಲ ಕೀಲಿನಿಂದ ಹೊಲಿಗೆ ಯಂತ್ರದವರೆಗೆ ಎಲ್ಲಕ್ಕೂ ಕೊಬ್ಬರಿ ಎಣ್ಣೆಯೇ. ರೈಫಲ್‌ಗೆ ಮಾತ್ರ ಬೇಡ: ಚಳಿಗೆ ಗಟ್ಟಿಯಾಗುತ್ತದೆ, ಆಮೇಲೆ ಜಿಗುಟಾಗುತ್ತದೆ. ಹೊರಮೈಗೆ ಹೊಲಿಗೆ ಯಂತ್ರದ ಎಣ್ಣೆ ತೆಳುವಾಗಿ ಸವರಿ, ಬೆವರಿನ ಕೈ ತಾಗಿದ ಕಡೆ ಮರೆಯದೆ ಒರೆಸಿ. ಪಿಸ್ಟನ್ ಇರುವ ಕೊಳವೆಯೊಳಗೆ ಯಾವ ಎಣ್ಣೆಯನ್ನೂ ಸುರಿಯಬೇಡಿ. ಒತ್ತಡಕ್ಕೆ ಅದು ಹೊತ್ತಿಕೊಂಡು ಕೋವಿಯಂತೆ ಢಮಾರೆನ್ನುತ್ತದೆ, ಸೀಲ್ ಸುಡುತ್ತದೆ.

ರೆಕ್ಸಿನ್ ಚೀಲದಲ್ಲಿ ಹಾಕಿ ಮೂಲೆಗಿಟ್ಟರೆ ಚೀಲ ತೇವ ಹಿಡಿದುಕೊಂಡು ಒಂದೆರಡು ವಾರದಲ್ಲಿ ನಳಿಗೆ ಕೆಂಪಾಗುತ್ತದೆ. ಒಲೆಯ ಮೇಲಿನ ಅಟ್ಟ ಬೆಚ್ಚಗಿರುತ್ತದೆ ನಿಜ, ಆದರೆ ಮಸಿಗೂ ಕಾವಿಗೂ ರಬ್ಬರ್ ಸೀಲ್ ತಾಳದು. ಬೀಗ ಹಾಕುವ ಬೀರುವಿನಲ್ಲಿ, ಸ್ಪ್ರಿಂಗ್ ಎಳೆಯದೆ, ಪೆಲೆಟ್ ಇಲ್ಲದೆ ನಿಲ್ಲಿಸಿ, ಬುಡದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳಿರಲಿ. ಪೆಲೆಟ್ ಡಬ್ಬಿ ಬೇರೆ ಕಡೆ, ಮಕ್ಕಳ ಕೈಗೆ ಸಿಗದಂತೆ, ಮುಚ್ಚಳಕ್ಕೆ ಟೇಪ್ ಸುತ್ತಿ. ತೇವಕ್ಕೆ ಸೀಸ ಬಿಳಿ ಪುಡಿ ಹಿಡಿದಿದ್ದರೆ ಆ ಪೆಲೆಟನ್ನು ಒರೆಸಿ ಬಳಸುವ ಸಾಹಸ ಬೇಡ, ಡಬ್ಬಿ ಸಮೇತ ಕಟ್ಟಿ ಹಳೇ ಬ್ಯಾಟರಿ ಕೊಳ್ಳುವ ಗುಜರಿಯವರಿಗೆ ಕೊಡಿ.