ಕಿಡ್ನಿ ರಿಪೋರ್ಟಲ್ಲಿರೋ ಉದ್ದುದ್ದ ಪದಗಳನ್ನ ಸಂಧಿ ಬಿಡಿಸ್ದಂಗೆ ಬಿಡಿಸೋದು ಹೇಗೆ

ಹೋದ ವರ್ಷ ನಮ್ ಮಾವಂಗೆ ರಾತ್ರೋರಾತ್ರಿ ಪಕ್ಕೆ ನೋವು ಬಂದು ಒದ್ದಾಡಿಬಿಟ್ರು, ಬೆಳಿಗ್ಗೆ ಸ್ಕ್ಯಾನಿಂಗ್ ಮಾಡ್ಸಿ ರಿಪೋರ್ಟ್ ಕವರ್ ಹಿಡ್ಕೊಂಡು ಹೊರಗೆ ಬೆಂಚಲ್ಲಿ ಕೂತಿದ್ವಿ. ಅದ್ರಲ್ಲಿದ್ದಿದ್ದು ಇಷ್ಟೇ: ಎಡಗಡೆ ವಿಯುಜೆಯಲ್ಲಿ 6 ಎಂಎಂ ಕ್ಯಾಲ್ಕುಲಸ್, ಮೈಲ್ಡ್ ಹೈಡ್ರೋಯುರೆಟರೋನೆಫ್ರೋಸಿಸ್. ಮಾವ ಓದಿ, "ಕ್ಯಾಲ್ಕುಲಸ್ಸಾ? ಪಿಯುಸಿಲಿ ಅದ್ರಲ್ಲೇ ಕಣೋ ನಾನು ಡುಮ್ಕಿ ಹೊಡ್ದಿದ್ದು, ಇಲ್ಲಿಗೂ ಬಂತಾ" ಅಂದ್ರು. ತಮಾಷೆ ಅಂದ್ರೆ ಎರಡೂ ಒಂದೇ ಪದ. ಲ್ಯಾಟಿನ್‌ನಲ್ಲಿ ಕ್ಯಾಲ್ಕುಲಸ್ ಅಂದ್ರೆ ಸಣ್ಣ ಕಲ್ಲು, ಆಗಿನವ್ರು ಕಲ್ಲಿಟ್ಟು ಲೆಕ್ಕ ಹಾಕ್ತಿದ್ರು, ಹಂಗಾಗಿ ಗಣಿತಕ್ಕೂ ಅದೇ ಹೆಸ್ರು ಬಂತು.

ಇನ್ನೊಂದು ಪದ ಇದೆಯಲ್ಲ, ಅದಕ್ಕೆ ಹೈಸ್ಕೂಲ್ ವ್ಯಾಕರಣ ಸಾಕು, ನಿಜವಾಗ್ಲೂ. ಬಾಲದಿಂದ ಶುರು ಮಾಡಿ. ಓಸಿಸ್ ಅಂದ್ರೆ ಒಂದು ಸ್ಥಿತಿ, ಅದ್ರ ಹಿಂದೆ ನೆಫ್ರೋ ಅಂದ್ರೆ ಕಿಡ್ನಿ, ಯುರೆಟರ್ ಅಂದ್ರೆ ಕಿಡ್ನಿಯಿಂದ ಇಳಿಯೋ ಪೈಪು, ಹೈಡ್ರೋ ಅಂದ್ರೆ ನೀರು. ಅಂದ್ರೆ ಕಲ್ಲು ಅಡ್ಡ ಕೂತು ಮೂತ್ರ ವಾಪಸ್ ನಿಂತು ಪೈಪು, ಕಿಡ್ನಿ ಎರಡೂ ಊದಿದೆ, ಮೈಲ್ಡ್ ಅಂದಿರೋದ್ರಿಂದ ಸ್ವಲ್ಪ ಊದಿದೆ. ಅಷ್ಟೇ.

ಮಧ್ಯ ಮಧ್ಯ ಬರೋ ಓ ಇದೆಯಲ್ಲ ಅದು ನಮ್ ಆಗಮ ಸಂಧಿ ಇದ್ದಂಗೆ, ಮನೆ + ಅನ್ನು = ಮನೆಯನ್ನು ಅನ್ನುವಾಗ ಯ ಬರಲ್ವಾ, ಹಂಗೆ ನೆಫ್ರ್ + ಪತಿ = ನೆಫ್ರೋಪತಿ. (ಪತಿ ಅಂದ್ರೆ ಇಲ್ಲಿ ಗಂಡ ಅಲ್ಲ, ಕಾಯಿಲೆ.) ಮುಂದೆ ಬರೋ ಬಾಲ ಸ್ವರದಿಂದ ಶುರುವಾದ್ರೆ ಆ ಓ ಬಿದ್ದೋಗುತ್ತೆ, ನೆಫ್ರೋ + ಐಟಿಸ್ = ನೆಫ್ರೈಟಿಸ್, ಊರು + ಅಲ್ಲಿ = ಊರಲ್ಲಿ ಆದಂಗೆ, ಲೋಪ ಸಂಧಿ. ಐಟಿಸ್ ಅಂದ್ರೆ ಉರಿಯೂತ.

ಈಗ ತಲೆ ಕೆಡಿಸೋ ಜಾಗಕ್ಕೆ ಬನ್ನಿ. ಯುರೆಟರ್, ಯುರೆತ್ರಾ ಎರಡೂ ಒಂದೇ ಅನ್ಕೊಂಡು ನಾನೇ ಡಾಕ್ಟ್ರ ಹತ್ರ "ಯುರೆತ್ರಾದಲ್ಲಿ ಕಲ್ಲಿದೆಯಂತೆ ಸಾರ್" ಅಂದು ಬೈಸ್ಕೊಂಡಿದ್ದೀನಿ. ಮನೆ ಮೇಲಿನ ಟ್ಯಾಂಕ್ ನೆನಪಿಟ್ಕೊಳಿ. ಟ್ಯಾಂಕಿಗೆ ನೀರು ತರೋ ಎರಡು ಪೈಪು ಯುರೆಟರ್, ಒಂದೊಂದು ಸುಮಾರು 25 ಸೆಂಟಿಮೀಟರ್ ಉದ್ದ. ಟ್ಯಾಂಕು ಬ್ಲ್ಯಾಡರ್, ಅಂದ್ರೆ ಮೂತ್ರಕೋಶ. ಕೆಳಗಿನ ನಲ್ಲಿ ಯುರೆತ್ರಾ, ಒಂದೇ ಒಂದು. ಆ ನಲ್ಲಿ ಹೆಂಗಸ್ರಿಗೆ ಸುಮಾರು 4 ಸೆಂಟಿಮೀಟರ್, ಗಂಡಸ್ರಿಗೆ 20ರ ಹತ್ರ, ಹೆಂಗಸ್ರಿಗೆ ಯುಟಿಐ, ಅಂದ್ರೆ ಮೂತ್ರದ ಸೋಂಕು, ಜಾಸ್ತಿ ಆಗೋದಕ್ಕೆ ಇದೂ ಒಂದು ಕಾರಣ. ವಿಯುಜೆ ಅಂದ್ರೆ ಪೈಪು ಟ್ಯಾಂಕಿಗೆ ಸೇರೋ ಜಾಯಿಂಟು, ಪಿಯುಜೆ ಅಂದ್ರೆ ಪೈಪು ಕಿಡ್ನಿಯಿಂದ ಹೊರಡೋ ಜಾಯಿಂಟು, ಎರಡೂ ಕಡೆ ಕಿರಿದಾಗಿರೋದ್ರಿಂದ ಕಲ್ಲು ಸಿಕ್ಕಾಕೊಳೋದು ಹೆಚ್ಚಾಗಿ ಅಲ್ಲೇ. ಪಿಯುಜೆಯ ಪಿ ಅಂದ್ರೆ ಪೆಲ್ವಿಸ್, ಆದ್ರೆ ಸೊಂಟದ ಮೂಳೆ ಅಲ್ಲ, ಕಿಡ್ನಿಯೊಳಗೇ ಮೂತ್ರ ಬಂದು ಸೇರೋ ಆಲಿಕೆ ಥರದ ಜಾಗ. ಅದಕ್ಕೇ ಪೈಲೋ ಅಂತಲೂ ಅಂತಾರೆ, ಪೈಲೋನೆಫ್ರೈಟಿಸ್ ಈಗ ನೀವೇ ಬಿಡ್ಸಿ ನೋಡಿ.

ಒಂದೇ ಅಂಗಕ್ಕೆ ಎರಡೆರಡು ಹೆಸ್ರು ಯಾಕೆ ಅಂದ್ರೆ ಒಂದು ಗ್ರೀಕು, ಒಂದು ಲ್ಯಾಟಿನ್. ನೆಫ್ರೋ ಗ್ರೀಕು, ರೀನಲ್ ಲ್ಯಾಟಿನ್, ಎರಡೂ ಕಿಡ್ನಿನೇ. ಸಿಸ್ಟೋ, ವೆಸೈಕೋ ಎರಡೂ ಮೂತ್ರಕೋಶ. ಆದ್ರೆ ಹುಷಾರು, ಸಿಸ್ಟೈಟಿಸ್ ಅಂದ್ರೆ ಮೂತ್ರಕೋಶದ ಉರಿಯೂತ, ರೀನಲ್ ಸಿಸ್ಟ್ ಅಂದ್ರೆ ಕಿಡ್ನಿಲಿರೋ ನೀರಿನ ಗುಳ್ಳೆ. ಸಿಂಪಲ್ ಸಿಸ್ಟ್ ಅಂತ ಬರ್ದಿದ್ರೆ ವಯಸ್ಸಾದವ್ರಲ್ಲಿ ಅದು ತುಂಬಾ ಮಾಮೂಲಿ, ನಮ್ ಅತ್ತೆ ಥರ ಆ ಒಂದು ಪದಕ್ಕೆ ಎರಡು ದಿನ ಊಟ ಬಿಡ್ಬೇಡಿ.

ಬೆಂಗ್ಳೂರಲ್ಲಿ ವಿಕ್ಟೋರಿಯಾ ಆಸ್ಪತ್ರೆ ಕ್ಯಾಂಪಸ್ಸಲ್ಲಿ ನೆಫ್ರೋ-ಯುರಾಲಜಿ ಸಂಸ್ಥೆ ಇದೆಯಲ್ಲ, ಅದ್ರ ಹೆಸ್ರಲ್ಲೇ ಎರಡು ಡಿಪಾರ್ಟ್‌ಮೆಂಟಿದೆ. ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಗೆ ಹಾಕೋ ಒಂದು ಕಸ), ಪ್ರೋಟೀನು, ಡಯಾಲಿಸಿಸ್ ಅಂದ್ರೆ ನೆಫ್ರಾಲಜಿ. ಕಲ್ಲು, ಪ್ರಾಸ್ಟೇಟು, ಆಪರೇಷನ್ ಅಂದ್ರೆ ಯುರಾಲಜಿ. ಇದು ಗೊತ್ತಿಲ್ದೆ ತಪ್ಪು ಓಪಿಡಿ ಮುಂದೆ ಅರ್ಧ ದಿನ ಕೂರೋರು ಎಷ್ಟೋ ಜನ.

ಲ್ಯಾಬ್ ರಿಪೋರ್ಟಲ್ಲಿ ಬಾಲ ಎರಡೇ: ಯೂರಿಯಾ ಅಂದ್ರೆ ಮೂತ್ರದಲ್ಲಿ, ಈಮಿಯಾ ಅಂದ್ರೆ ರಕ್ತದಲ್ಲಿ. ಹೆಮಟೂರಿಯಾ ಅಂದ್ರೆ ಮೂತ್ರದಲ್ಲಿ ರಕ್ತ, ಪೈಯೂರಿಯಾ ಕೀವು, ಪ್ರೋಟೀನೂರಿಯಾ ಪ್ರೋಟೀನು. ಯುರೀಮಿಯಾ ಉಲ್ಟಾ, ಮೂತ್ರದಲ್ಲಿ ಹೋಗ್ಬೇಕಾಗಿದ್ದ ಕಸ ರಕ್ತದಲ್ಲೇ ಉಳ್ಕೊಂಡಿದೆ. ಡಿಸ್ಯೂರಿಯಾ ಅಂದ್ರೆ ಉರಿಮೂತ್ರ, ಆಲಿಗೂರಿಯಾ ಅಂದ್ರೆ ದೊಡ್ಡೋರಿಗೆ ದಿನಕ್ಕೆ 400 ಎಂಎಲ್‌ಗಿಂತ ಕಮ್ಮಿ. ರಕ್ತದ ಟೆಸ್ಟಲ್ಲಿರೋ ಯೂರಿಯಾ ಮಾತ್ರ ಬಾಲ ಅಲ್ಲ, ಅದೊಂದು ವಸ್ತು, ಕನ್ನಡದಲ್ಲಿ ಬರೆದ್ರೆ ಎರಡೂ ಒಂದೇ ಥರ ಕಾಣುತ್ತೆ ಅನ್ನೋದೇ ಕರ್ಮ.

ಇಜಿಎಫ್‌ಆರ್ ಅಂತ ಒಂದು ಸಂಖ್ಯೆ ಇರುತ್ತೆ, ಕಿಡ್ನಿ ರಕ್ತ ಎಷ್ಟು ಸೋಸ್ತಿದೆ ಅನ್ನೋದ್ರ ಅಂದಾಜು, ಕ್ರಿಯಾಟಿನಿನ್ನಿಗಿಂತ ಮೊದ್ಲು ಅದನ್ನ ನೋಡಿ. ಕ್ರಿಯಾಟಿನಿನ್ ಮಾಂಸಖಂಡದಿಂದ ಬರೋದು, ಹಂಗಾಗಿ ಜಿಮ್ ಹುಡುಗನ 1.3 ಬೇರೆ, 75 ವರ್ಷದ ಸಣಕಲು ಅಜ್ಜಿಯ 1.3 ಬೇರೆ. ಇಜಿಎಫ್‌ಆರ್ ವಯಸ್ಸು, ಲಿಂಗ ಸೇರ್ಸಿ ಲೆಕ್ಕ ಹಾಕಿರ್ತಾರೆ. 60ಕ್ಕಿಂತ ಕಮ್ಮಿ ಮೂರು ತಿಂಗಳಿಗಿಂತ ಜಾಸ್ತಿ ಇದ್ರೆ ಸಿಕೆಡಿ (ಕ್ರಾನಿಕ್ ಕಿಡ್ನಿ ಡಿಸೀಸ್), 15ಕ್ಕಿಂತ ಕೆಳಗೆ ಹೋದ್ರೆ ಸ್ಟೇಜ್ 5. ಒಂದೇ ರಿಪೋರ್ಟ್ ನೋಡಿ ತೀರ್ಮಾನ ಮಾಡ್ಬೇಡಿ. ಆಮೇಲೆ ಸಿಕೆಡಿಲಿರೋ ಕ್ರಾನಿಕ್ ಅಂದ್ರೆ ವಿಪರೀತ ಅಂತಲ್ಲ, ಬಹಳ ದಿನದ್ದು ಅಂತ. ಅಕ್ಯೂಟ್ ಅಂದ್ರೆ ದಿಢೀರಂತ ಬಂದಿದ್ದು.

ಆಪರೇಷನ್ ಹೆಸ್ರಲ್ಲಿ ಒಂದಕ್ಷರ ಆಚೀಚೆ ಆದ್ರೂ ಕಥೆನೇ ಬೇರೆ. ಟಮಿ ಅಂದ್ರೆ ಕೊಯ್ಯೋದು, ಸ್ಟಮಿ ಅಂದ್ರೆ ತೂತು ಮಾಡಿ ದಾರಿ ಬಿಡೋದು, ಎಕ್ಟಮಿ ಅಂದ್ರೆ ತೆಗೆದೇ ಹಾಕೋದು. ನೆಫ್ರಾಸ್ಟಮಿ ಅಂದ್ರೆ ಬೆನ್ನಿಂದ ಕಿಡ್ನಿಗೆ ಟ್ಯೂಬ್ ಇಡ್ತಾರೆ, ನೆಫ್ರೆಕ್ಟಮಿ ಅಂದ್ರೆ ಕಿಡ್ನಿನೇ ತೆಗೀತಾರೆ. ಸಹಿ ಹಾಕೋ ಮುಂಚೆ ಬಾಲ ಇನ್ನೊಂದ್ಸಲ ಓದ್ಕೊಳಿ, ಡೌಟಿದ್ರೆ ಡಾಕ್ಟ್ರನ್ನೇ ಕೇಳಿ. ಲಿಥೋ ಅಂದ್ರೆ ಕಲ್ಲು, ಟ್ರಿಪ್ಸಿ ಅಂದ್ರೆ ಪುಡಿ ಮಾಡೋದು.

ಮಾವಂಗೆ ಕಲ್ಲು ತಾನಾಗೇ ಬೀಳ್ಲಿಲ್ಲ, ಯುಆರ್‌ಎಸ್‌ಎಲ್ (ಅಂದ್ರೆ ಮೂತ್ರದ ದಾರಿಲೇ ಸ್ಕೋಪ್ ತೂರಿಸಿ ಕಲ್ಲು ಪುಡಿ ಮಾಡೋದು) ಮಾಡಿ, ಯುರೆಟರ್ ಒಳಗೆ ಡಿಜೆ ಸ್ಟೆಂಟ್ ಅನ್ನೋ ಸಣ್ಣ ಟ್ಯೂಬ್ ಹಾಕಿದ್ರು. ಡಿಜೆ ಅಂದ್ರೆ ಡಬಲ್ ಜೆ, ಎರಡೂ ತುದಿ ಜೆ ಅಕ್ಷರದಂಗೆ ಸುತ್ತಿರುತ್ತೆ, ಜಾರದೇ ಇರ್ಲಿ ಅಂತ. ಇದನ್ನ ವಾಪಸ್ ತೆಗಿಸ್ಲೇಬೇಕು, ಮರೆತು ಬಿಟ್ರೆ ಅದ್ರ ಮೇಲೇ ಕಲ್ಲು ಕಟ್ಟುತ್ತೆ, ಡಿಸ್ಚಾರ್ಜ್ ಶೀಟಲ್ಲಿ ಯಾವಾಗ ತೆಗೀಬೇಕು ಅಂತ ನೋಡಿ ಗುರುತು ಹಾಕೊಳಿ. ಮಾವ ಕ್ಯಾಲೆಂಡರಲ್ಲಿ ಆ ತಾರೀಖಿಗೆ ಕೆಂಪು ಪೆನ್ನಲ್ಲಿ ಬರೀ "ಜೆ" ಅಂತ ಬರ್ದಿದ್ರು, ಅತ್ತೆ ಮೂರು ದಿನ ಯಾರ್ರೀ ಅದು ಜೆ ಅಂತ ಬಿಡದೆ ಕೇಳಿದ್ರು.